ಅಪ್‌ಡೇಟ್: ಎಂಜಿಬಿ ಕಾರಿನ ಬಿಸಿ ಕೊನೆಗೂ ಇಳಿಯಿತು

ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ವೇಗ ಹಿಡಿದರೆ ನನ್ನ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ ಉಷ್ಣಾಂಶದ ಮುಳ್ಳು ಕೆಂಪಿಗೇರುತ್ತದೆ, ನಿಧಾನವಾಗಿ ಓಡಿಸಿದರೆ ಇಳಿಯುತ್ತದೆ ಎಂದು ಕೇಳಿದ್ದೆನಲ್ಲ, ಕಾರಣ ಸಿಕ್ಕಿತು.

ಹಲವರು ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ಮೇಲೆ ಅನುಮಾನಪಟ್ಟಿದ್ದಿರಿ. ಬಿಚ್ಚಿ, ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಿದೆ. 82 ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿಯೇ ತೆರೆದುಕೊಂಡಿತು. ಫ್ಯಾನ್ ಕೂಡ ಸರಿಯಿತ್ತು. ದೋಷವಿದ್ದದ್ದು ರೇಡಿಯೇಟರ್‌ನಲ್ಲಿ. ಬಿಸಿ ಎಂಜಿನ್ ನಿಲ್ಲಿಸಿ ಅದರ ಕೋರ್ (ನೀರು ಹರಿದು ತಣಿಯುವ ಸಣ್ಣ ಕೊಳವೆಗಳ ಭಾಗ) ಮೇಲೆ ಹುಷಾರಾಗಿ ಕೈಯಾಡಿಸಿದಾಗ ನಡುವಿನ ಭಾಗ ತಣ್ಣಗಿತ್ತು, ಅಂದರೆ ಅಲ್ಲಿ ನೀರೇ ಹರಿಯುತ್ತಿರಲಿಲ್ಲ. ಹಿಂದಿನ ಮಾಲೀಕರು ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬಿದ್ದರು. ನಮ್ಮ ಕಡೆಯ ಗಡಸು ನೀರು ಸ್ನಾನದ ಬಾಯ್ಲರ್ ಒಳಗೆ ಬಿಡುವಂಥದೇ ಸುಣ್ಣದ ಪದರ ಆ ಕೊಳವೆಗಳನ್ನು ಮುಚ್ಚಿಬಿಟ್ಟಿತ್ತು. ನಿಧಾನದ ಓಟಕ್ಕೆ ಉಳಿದ ಕೊಳವೆಗಳು ಸಾಕಾಗುತ್ತಿದ್ದವು, ವೇಗಕ್ಕೆ ಸಾಲುತ್ತಿರಲಿಲ್ಲ.

ದಾವಣಗೆರೆಯ ರೇಡಿಯೇಟರ್ ಕೆಲಸಗಾರರೊಬ್ಬರು ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ, ಒಂದೊಂದೇ ಕೊಳವೆಗೆ ಸರಳು ತೂರಿಸಿ ಶುದ್ಧಗೊಳಿಸಿದರು. ಎಂಥ ತಾಳ್ಮೆಯ ಕೈ! ಎಂಜಿನ್ ಬ್ಲಾಕಿನಿಂದ ನೀರು ಹೊರಬಿಡುವ ನಲ್ಲಿಯನ್ನೂ ತಂತಿಯಿಂದ ಚುಚ್ಚಿ ಬಿಡಿಸಿದೆವು. ತುಕ್ಕಿನ ಕೆಸರು ಸುರಿಯಿತು. ಈ ಜಾಗವನ್ನು ದಯವಿಟ್ಟು ಯಾರೂ ಮರೆಯಬೇಡಿ.

ಈಗ ಡಿಸ್ಟಿಲ್ಡ್ ನೀರು, ಕೂಲೆಂಟ್ ಸಮಪಾಲು. ಮಧ್ಯಾಹ್ನದ ಬಿಸಿಲಿನಲ್ಲೂ ಮುಳ್ಳು ನಡುವಿನಿಂದ ಕದಲುತ್ತಿಲ್ಲ. ಸಲಹೆ ಕೊಟ್ಟ ಎಲ್ಲರಿಗೂ ಕೃತಜ್ಞತೆ.