ಹಳೇ ಕಾರು: ಬ್ಯಾಟರಿ ಹೊಸದಾದರೂ ಮೂರನೇ ದಿನಕ್ಕೆ ಡೌನ್

ಪ್ರಶ್ನೆ:
ಡೈನಮೋ (ಎಂಜಿನ್ ತಿರುಗುವಾಗ ಬ್ಯಾಟರಿ ತುಂಬುವ ಹಳೇ ಮಾದರಿಯ ಜನರೇಟರ್) ಇರುವ ಹಳೇ ಗಾಡಿ, 12 ವೋಲ್ಟ್, 45 ಆಂಪ್-ಅವರ್ ಹೊಸ ಬ್ಯಾಟರಿ. ನಿಲ್ಲಿಸಿದ ಎರಡನೇ ದಿನ ಸ್ಟಾರ್ಟರ್ ತೆವಳುತ್ತದೆ, ಮೂರನೇ ದಿನ ಬರೀ ‘ಟಕ್’. ಚಾರ್ಜ್ ಮಾಡಿದರೆ ಮತ್ತೆ ಸರಿ. ಬ್ಯಾಟರಿ ಬದಲಿಸಲೇ?

ಉತ್ತರ:
ಈಗಲೇ ಬೇಡ ಸರ್. ಫುಲ್ ಚಾರ್ಜ್ ಮಾಡಿ, ಎರಡು ನಿಮಿಷ ಹೆಡ್‌ಲೈಟ್ ಉರಿಸಿ ಆರಿಸಿ. ಇಲ್ಲದಿದ್ದರೆ ಚಾರ್ಜರ್ ತೆಗೆದ ಹೊಸದರಲ್ಲಿ ಮಲ್ಟಿಮೀಟರ್ ಹೆಚ್ಚು ವೋಲ್ಟ್ ತೋರಿಸಿ ಸುಳ್ಳು ಹೇಳುತ್ತದೆ. ಆಮೇಲೆ ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ತ್ ಕೇಬಲ್ ಬಿಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 12.6 ವೋಲ್ಟ್ ಇದ್ದರೆ ಬ್ಯಾಟರಿ ಗಟ್ಟಿ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ, ದೋಷ ಅದರೊಳಗೇ ಇದೆ.

ಪ್ರಶ್ನೆ ಕೇಳಿದವರು:
12.64 ಬಂತು.

ಉತ್ತರ:
ಹಾಗಾದರೆ ಕರೆಂಟ್ ಸೋರುತ್ತಿರುವುದು ಗಾಡಿಯಲ್ಲಿ. ಕೀ ತೆಗೆದು, ಬಾಗಿಲು ಮುಚ್ಚಿ, ಬಿಚ್ಚಿದ ಅರ್ತ್ ಕೇಬಲ್‌ಗೂ ಬ್ಯಾಟರಿಗೂ ನಡುವೆ ಮೊದಲು 21 ವ್ಯಾಟ್ ಬಲ್ಬು ಸೇರಿಸಿ. ಜೋರಾಗಿ ಉರಿದರೆ ಮೀಟರ್ ಹಾಕಲೇಬೇಡಿ, ಅದರ ಫ್ಯೂಸ್ ಹೋಗುತ್ತದೆ. ಆಗ ರೆಗ್ಯುಲೇಟರಿನ (ಡೈನಮೋ ಚಾರ್ಜಿಂಗ್ ಹತೋಟಿಯಲ್ಲಿಡುವ ಪೆಟ್ಟಿಗೆ) ಡಿ ವೈರ್, ಅಂದರೆ ಡೈನಮೋದಿಂದ ಬರುವ ಮುಖ್ಯ ವೈರ್ ತೆಗೆಯಿರಿ. ಬಲ್ಬು ಆರಿದರೆ ಎಂಜಿನ್ ನಿಂತಾಗ ಡೈನಮೋವನ್ನು ಬ್ಯಾಟರಿಯಿಂದ ಬೇರ್ಪಡಿಸುವ ಕಟ್‌ಔಟ್ ಸ್ವಿಚ್ಚಿನ ಪಾಯಿಂಟ್ ಅಂಟಿಕೊಂಡಿದೆ, ಬ್ಯಾಟರಿ ಡೈನಮೋಗೆ ವಾಪಸ್ ಹರಿಯುತ್ತಿದೆ. ಆದರೆ ಅದಾದರೆ ಬ್ಯಾಟರಿ ಕೆಲವೇ ತಾಸಿನಲ್ಲಿ ಮಲಗುತ್ತದೆ, ಮೂರು ದಿನ ತಡೆಯುವುದಿಲ್ಲ. ನಿಮ್ಮದು ಸಣ್ಣ ಸೋರಿಕೆ.

ಬಲ್ಬು ಉರಿಯದಿದ್ದರೆ ಅಥವಾ ಮಂಕಾಗಿದ್ದರೆ ಅದರ ಜಾಗಕ್ಕೆ ಮೀಟರ್, 10 ಆಂಪ್ ರೇಂಜ್. ಸ್ಟಾರ್ಟರ್ ಮುಟ್ಟಬೇಡಿ. ಎಲೆಕ್ಟ್ರಾನಿಕ್ಸ್ ಇಲ್ಲದ ಗಾಡಿಯಲ್ಲಿ ಗಡಿಯಾರ ಬಿಟ್ಟರೆ ಸೊನ್ನೆಯೇ ಬರಬೇಕು. ಬರದಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿ. ಹಳೇ ಗಾಡಿಗಳಲ್ಲಿ ಎಷ್ಟೋ ವೈರ್ ಫ್ಯೂಸ್ ಇಲ್ಲದೆಯೇ ಹೋಗಿರುತ್ತವೆ, ಅವನ್ನೂ ಬಿಡಬೇಡಿ.

ಪ್ರಶ್ನೆ ಕೇಳಿದವರು:
0.42 ಆಂಪ್. ಒಳದೀಪದ ಫ್ಯೂಸ್ ತೆಗೆದರೆ ಸೊನ್ನೆ. ಒಳದೀಪವಂತೂ ಆರಿದೆ.

ಉತ್ತರ:
0.42 ಅಂದರೆ 5 ವ್ಯಾಟ್ ಬಲ್ಬಿನ ಲೆಕ್ಕ. ಡಿಕ್ಕಿಯ ದೀಪ ನೋಡಿ! ಕೆಲಹೊತ್ತು ಮುಚ್ಚಿಟ್ಟು, ತೆರೆದ ಕೂಡಲೇ ಬಲ್ಬಿನ ಹತ್ತಿರ ಬೆರಳು ತನ್ನಿ. ಬಿಸಿಯಿದ್ದರೆ ಮುಚ್ಚಿದಾಗಲೂ ಉರಿಯುತ್ತಿತ್ತು. ದಿನಕ್ಕೆ 10 ಆಂಪ್-ಅವರ್, ಮೂರು ದಿನಕ್ಕೆ 30. ಸ್ವಿಚ್ಚಿನ ಪಿನ್ ಜಿಡ್ಡಿಗೆ ಸಿಕ್ಕಿಕೊಂಡಿರುತ್ತದೆ ಅಥವಾ ಮುಚ್ಚಳ ಅದನ್ನು ಪೂರ್ತಿ ಒತ್ತುತ್ತಿರುವುದಿಲ್ಲ.

ಇನ್ನೊಬ್ಬರು:
ಡೈನಮೋ ಕೂಡ ನೋಡಿಬಿಡಿ, ಐಡಲಿಂಗ್‌ನಲ್ಲಿ ಅದು ಹೆಚ್ಚುಕಡಿಮೆ ಏನೂ ತುಂಬುವುದಿಲ್ಲ. ಲೂಕಾಸ್ ಮಾದರಿಯದಾದರೆ ಡಿ ವೈರ್, ಎಫ್ (ಫೀಲ್ಡ್) ವೈರ್ ಎರಡನ್ನೂ ಬಿಚ್ಚಿ, ಡೈನಮೋದ ಆ ಎರಡು ಟರ್ಮಿನಲ್ ಸೇರಿಸಿ, ಅಲ್ಲಿಂದ ಬಾಡಿಗೆ ಮೀಟರ್ ಹಿಡಿಯಿರಿ. ಎಂಜಿನ್ ವೇಗ ನಿಧಾನವಾಗಿ ಏರಿಸಿದರೆ 1,000 ಆರ್‌ಪಿಎಂ ಆಸುಪಾಸಿನಲ್ಲಿ ವೋಲ್ಟೇಜ್ ಸರಸರ ಏರಬೇಕು. 20 ದಾಟಿಸಬೇಡಿ. 1 ವೋಲ್ಟ್‌ಗೇ ನಿಂತರೆ ದೋಷ ಫೀಲ್ಡ್ ಕಾಯಿಲ್‌ನಲ್ಲಿ (ಡೈನಮೋದೊಳಗಿನ ನಿಂತ ಸುರುಳಿ), 4-5ಕ್ಕೆ ನಿಂತರೆ ಆರ್ಮೇಚರ್‌ನಲ್ಲಿ (ತಿರುಗುವ ಸುರುಳಿ). ಡೈನಮೋ ಬಿಚ್ಚುವ ಮೊದಲು ಬ್ರಷ್ (ತಿರುಗುವ ಭಾಗಕ್ಕೆ ತಾಗುವ ಕಾರ್ಬನ್ ತುಂಡು) ಸವೆದಿದೆಯೇ ನೋಡಿ.