ಮನೆಯಲ್ಲಿ ತೊಳೆದ ಕಲರ್ ರೋಲ್ ಕೆಟ್ಟಿದೆ, ಎಸೆಯಲೇ?

ಪ್ರಶ್ನೆ (ಹುಬ್ಬಳ್ಳಿಯಿಂದ): ಸರ್, ನಮಸ್ಕಾರ. ಅಪ್ಪನ ಹಳೆಯ ಕ್ಯಾಮೆರಾದಲ್ಲಿ ತಂಗಿಯ ನಿಶ್ಚಿತಾರ್ಥದ ಫೋಟೊ ತೆಗೆದಿದ್ದೆ. ಎರಡು ರೋಲ್. ಕಲರ್ ನೆಗೆಟಿವ್ ಫಿಲ್ಮ್ ತೊಳೆಯುವ ಸಿ-41 ವಿಧಾನದ ಪುಡಿಯ ಕಿಟ್ ತರಿಸಿ ಮನೆಯಲ್ಲೇ ತೊಳೆದೆ. ಡೆವಲಪರ್ ಹೊಸದು, 38 ಡಿಗ್ರಿ, ಮೂರೂ ಕಾಲು ನಿಮಿಷ. ಬ್ಲಿಕ್ಸ್ ಮಾತ್ರ ನಾಲ್ಕು ತಿಂಗಳ ಹಿಂದೆ ಕಲಸಿದ್ದು, ಅದರಲ್ಲಿ ಆಗಲೇ ಹತ್ತು ರೋಲ್ ತೊಳೆದಿದ್ದೇನೆ. ಸ್ಕ್ಯಾನ್ ಮಾಡಿದರೆ ಎಲ್ಲವೂ ಮಂಕು. ತಂಗಿಯ ಕೆಂಪು ರೇಷ್ಮೆ ಸೀರೆ ಇಟ್ಟಿಗೆ ಪುಡಿಯ ಬಣ್ಣಕ್ಕೆ ಬಂದಿದೆ, ಮುಖದ ಮೇಲೆಲ್ಲ ಮರಳು ಎರಚಿದಂತೆ ಕಾಳು ಕಾಳು. ಎಸೆಯುವುದೇ ಗತಿಯೇ?

ಉತ್ತರ: ಎಸೆಯಬೇಡಿ ಮೇಡಂ. ನಿಮ್ಮ ಚಿತ್ರಗಳು ಎಲ್ಲಿಗೂ ಹೋಗಿಲ್ಲ, ಬೆಳ್ಳಿಯ ಅಡಿಯಲ್ಲಿ ಹೂತುಕೊಂಡಿವೆ, ಅಷ್ಟೇ.

ಡೆವಲಪರ್ ಕೆಲಸ ಮಾಡುವಾಗ ಫಿಲ್ಮಿನಲ್ಲಿ ಎರಡು ಚಿತ್ರ ಒಟ್ಟಿಗೆ ಮೂಡುತ್ತವೆ. ಒಂದು ಕಪ್ಪು ಬೆಳ್ಳಿಯದು, ಇನ್ನೊಂದು ಬಣ್ಣದ್ದು. ನಮಗೆ ಬೇಕಾದದ್ದು ಬಣ್ಣದ್ದು ಮಾತ್ರ. ಬ್ಲೀಚ್ ಆ ಬೆಳ್ಳಿಯನ್ನು ಮತ್ತೆ ಲವಣವಾಗಿ ಮಾಡುತ್ತದೆ, ಫಿಕ್ಸರ್ ಆ ಲವಣವನ್ನು ಕರಗಿಸಿ ಹೊರಗೆ ಹಾಕುತ್ತದೆ. ಬ್ಲಿಕ್ಸ್ ಎಂದರೆ ಇವೆರಡನ್ನೂ ಒಂದೇ ಬಾಟಲಿಗೆ ಸೇರಿಸಿದ್ದು. ಆದರೆ ಇವೆರಡಕ್ಕೂ ಒಗ್ಗುವುದಿಲ್ಲ. ನೀವು ಮುಟ್ಟದಿದ್ದರೂ ಬಾಟಲಿಯೊಳಗೇ ಬ್ಲೀಚ್ ಫಿಕ್ಸರನ್ನು ಸವೆಸುತ್ತಿರುತ್ತದೆ. ನಾನು ಕೆಲಸ ಮಾಡಿದ ಲ್ಯಾಬ್‌ನಲ್ಲಿ ಫಿಲ್ಮಿಗೆ ಎರಡಕ್ಕೂ ಬೇರೆ ಬೇರೆ ತೊಟ್ಟಿ ಇದ್ದವು. ಫಿಲ್ಮಿನಿಂದ ಹೀಗೆ ಇಳಿದ ಬೆಳ್ಳಿಗಾಗಿಯೇ ಹಳೆಯ ಫಿಕ್ಸರನ್ನು ಕ್ಯಾನ್‌ಗಟ್ಟಲೆ ಕೊಂಡುಹೋಗುವವರೂ ಇದ್ದರು. ಆ ಬೆಳ್ಳಿಯೇ ಈಗ ನಿಮ್ಮ ನೆಗೆಟಿವ್‌ನಲ್ಲಿ ಉಳಿದಿದೆ.

ಖಚಿತಪಡಿಸಿಕೊಳ್ಳುವುದು ಸುಲಭ. ರೋಲಿನ ನಾಲಿಗೆಯ ಭಾಗ, ಅಂದರೆ ಕ್ಯಾಮೆರಾಗೆ ಹಾಕುವಾಗ ಬೆಳಕು ಕಂಡ ತುದಿ, ಇದ್ದರೆ ಅದರ ಹಿಂದೆ ಟಾರ್ಚ್ ಹಿಡಿಯಿರಿ. ಬೆಳ್ಳಿ ಪೂರ್ತಿ ಹೋಗಿದ್ದರೆ ಗಾಢ ಕಂದು ಬಣ್ಣದಲ್ಲಿ ಬೆಳಕು ಹಾಯುತ್ತದೆ. ತಗಡಿನ ಹಾಗೆ ಬೆಳಕನ್ನೇ ಬಿಡದಿದ್ದರೆ ಬೆಳ್ಳಿ ಉಳಿದಿದೆ. ನಿಮ್ಮ ಸ್ಕ್ಯಾನರ್‌ನಲ್ಲಿ ಇನ್‌ಫ್ರಾರೆಡ್‌ನಿಂದ ದೂಳು ತೆಗೆಯುವ ಸೌಲಭ್ಯವಿದ್ದರೆ ಅದೂ ಸಾಕ್ಷಿ ಹೇಳುತ್ತದೆ. ಬಣ್ಣಗಳು ಇನ್‌ಫ್ರಾರೆಡ್‌ಗೆ ಅಡ್ಡಬರುವುದಿಲ್ಲ, ಬೆಳ್ಳಿ ಅಡ್ಡಬರುತ್ತದೆ. ಹಾಗಾಗಿ ಸ್ಕ್ಯಾನರ್ ಚಿತ್ರವನ್ನೇ ದೂಳೆಂದು ತಿಳಿದು ಅಳಿಸಿ, ಕಲೆ ಕಲೆಯಾಗಿ ತೋರಿಸುತ್ತದೆ.

ಪರಿಹಾರ: ಹೊಸ ಬ್ಲಿಕ್ಸ್ ಕಲಸಿ. ಫಿಲ್ಮನ್ನು ಮತ್ತೆ ರೀಲಿಗೆ ಸುತ್ತಿ, 38 ಡಿಗ್ರಿಯ ನೀರಿನಲ್ಲಿ ಐದು ನಿಮಿಷ ನೆನೆಸಿ, ಆಮೇಲೆ ಹತ್ತು ನಿಮಿಷ ಬ್ಲಿಕ್ಸ್. ನೀರಿನಲ್ಲಿ ಚೆನ್ನಾಗಿ ತೊಳೆದು, ಕಿಟ್‌ನ ಕೊನೆಯ ದ್ರಾವಣದಲ್ಲಿ ಅದ್ದಿ ಒಣಹಾಕಿ. ಕತ್ತಲೆ ಬೇಕಿಲ್ಲ, ಹಗಲಿನಲ್ಲೇ ಮಾಡಬಹುದು. ಕೈಗವಸು ಹಾಕಿಕೊಳ್ಳಿ. ಡೆವಲಪರ್ ಮುಟ್ಟುವಾಗ ಅದು ಇನ್ನೂ ಮುಖ್ಯ. ಅದರಲ್ಲಿರುವ ಸಿಡಿ-4 ಎಂಬ ರಾಸಾಯನಿಕ ಒಮ್ಮೆ ಚರ್ಮಕ್ಕೆ ಅಲರ್ಜಿ ತಂದರೆ ಮತ್ತೆ ಬಿಡುವುದಿಲ್ಲ.

ಪ್ರಶ್ನೆ (ಮೈಸೂರಿನಿಂದ): ಸರ್, ನನ್ನದು ಬೇರೆ ತೊಂದರೆ. ನೆರಳಿನ ಭಾಗ ಹಸಿರು, ಬಿಳಿ ಗೋಡೆ ಗುಲಾಬಿ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ನೆಗೆಟಿವ್ ಕೂಡ ತೆಳುವಾಗಿದೆ. ಬ್ಲಿಕ್ಸ್ ಹೊಸದು. ಮತ್ತೆ ಬ್ಲಿಕ್ಸ್ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ ತಮ್ಮಾ. ಹೇಳಲು ನನಗೂ ಸಂಕಟವಾಗುತ್ತದೆ, ಆದರೆ ಇದು ಡೆವಲಪರ್ ಹಂತದಲ್ಲೇ ಆದ ತಪ್ಪು. ಅಲ್ಲಿ ಮೂಡದ್ದನ್ನು ಆಮೇಲೆ ಮೂಡಿಸಲಾಗದು.

ಫಿಲ್ಮಿನಲ್ಲಿ ಬಣ್ಣದ ಪದರಗಳು ಒಂದರ ಮೇಲೊಂದು ಇವೆ: ಮೇಲೆ ನೀಲಿ ಬೆಳಕನ್ನು ಹಿಡಿಯುವುದು, ನಡುವೆ ಹಸಿರು, ತಳದಲ್ಲಿ ಕೆಂಪು. ಡೆವಲಪರ್ ಮೇಲಿನಿಂದ ಇಳಿದು ತಳಕ್ಕೆ ಮುಟ್ಟಬೇಕು. ದ್ರಾವಣ ತಣ್ಣಗಿದ್ದರೆ, ಹಳತಾಗಿದ್ದರೆ, ಮೂರೂ ಪದರಗಳು ಒಂದೇ ಹದಕ್ಕೆ ಬರುವುದಿಲ್ಲ. ನೆರಳಿಗೊಂದು ಬಣ್ಣ, ಬೆಳಕಿಗೊಂದು ಬಣ್ಣ ಬರುವುದು ಇದರಿಂದ. ಕೊಡಾಕ್ 1972ರಲ್ಲಿ ಈ ಸಿ-41 ವಿಧಾನ ತಂದಾಗಿನಿಂದ ಡೆವಲಪರ್‌ಗೆ ಹೇಳಿರುವುದು 37.8 ಡಿಗ್ರಿ, ಹೆಚ್ಚುಕಡಿಮೆ 0.15 ಮಾತ್ರ. ಮನೆಯಲ್ಲಿ ಅಷ್ಟು ಕರಾರುವಾಕ್ಕಾಗಿ ನಿಲ್ಲಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ನಾನು ಊಹಿಸುವುದು ಇದು: ನೀವು ಬಾಟಲಿಯಲ್ಲಿ 38 ನೋಡಿದಿರಿ, ಫಿಲ್ಮ್ ಇರುವ ಟ್ಯಾಂಕು ಮಾತ್ರ ತಣ್ಣಗಿತ್ತು. ಚಳಿಗಾಲದ ಬೆಳಿಗ್ಗೆ ತಣ್ಣನೆಯ ಟ್ಯಾಂಕಿಗೆ ಸುರಿದ ಕ್ಷಣದಲ್ಲೇ ಒಂದೆರಡು ಡಿಗ್ರಿ ಇಳಿಯುತ್ತದೆ, ಮೂರು ನಿಮಿಷದಲ್ಲಿ ಇನ್ನೂ ಇಳಿಯುತ್ತದೆ. ಬಚ್ಚಲಿನ ದೊಡ್ಡ ಬಕೆಟ್ಟಿಗೆ ಗೀಸರ್ ನೀರು ಬಿಟ್ಟು, 39ಕ್ಕೆ ಬಂದಾಗ ಬಾಟಲಿಗಳನ್ನೂ ಟ್ಯಾಂಕನ್ನೂ ಅರ್ಧ ಗಂಟೆ ಅದರಲ್ಲೇ ಕೂರಿಸಿ. ಫಿಲ್ಮಿಗೆ ಮೊದಲು ಅದೇ ಬಿಸಿಯ ನೀರು ಒಂದು ನಿಮಿಷ, ಆಮೇಲೆ ಡೆವಲಪರ್. ಥರ್ಮಾಮೀಟರ್ ಬಕೆಟ್ಟಿನಲ್ಲಲ್ಲ, ಡೆವಲಪರ್ ಬಾಟಲಿಯೊಳಗಿರಲಿ.

ಡೆವಲಪರ್ ಕಡು ಚಹಾದ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿಬಿಡಿ. ಬ್ಲಿಕ್ಸ್‌ನ ಕೆಲವೇ ಹನಿ ಬಿದ್ದರೂ ಅದು ಕೆಟ್ಟಿತೆಂದೇ ತಿಳಿಯಿರಿ. ಹಾಗಾಗಿ ಎರಡಕ್ಕೂ ಒಂದೇ ಆಲಿಕೆ ಬೇಡ. ಲ್ಯಾಬ್‌ನಲ್ಲಿ ಗಿರಾಕಿಯ ರೋಲ್ ಮುಟ್ಟುವ ಮೊದಲು ಪ್ರತಿದಿನ ಬೆಳಿಗ್ಗೆ ಪರೀಕ್ಷೆಯ ತುಂಡೊಂದನ್ನು ಯಂತ್ರಕ್ಕೆ ಬಿಟ್ಟು ಅಳೆಯುತ್ತಿದ್ದೆವು. ನೀವೂ ಒಂದು ರೋಲನ್ನು ಮನೆಯಂಗಳದ ಒಂದೇ ದೃಶ್ಯಕ್ಕೆ ಖರ್ಚು ಮಾಡಿ ಇಟ್ಟುಕೊಳ್ಳಿ. ಮುಖ್ಯವಾದ ರೋಲ್ ತೊಳೆಯುವ ಮುಂಚೆ ಅದರಿಂದ ಗೇಣುದ್ದ ಕತ್ತರಿಸಿ ತೊಳೆದು ನೋಡಿ.

ಪ್ರಶ್ನೆ (ಶಿರಸಿಯಿಂದ): ನನ್ನ ರೋಲ್ ಪೂರ್ತಿ ಖಾಲಿ, ಬರೀ ಕಿತ್ತಳೆ ಬಣ್ಣ. ಯಾವ ದ್ರಾವಣ ಕೈಕೊಟ್ಟಿತು?

ಉತ್ತರ: ಅಂಚು ನೋಡಿ. ಫ್ರೇಮ್ ಸಂಖ್ಯೆ, ಫಿಲ್ಮಿನ ಹೆಸರು ಸ್ಪಷ್ಟವಾಗಿದ್ದರೆ ದ್ರಾವಣಗಳದ್ದು ತಪ್ಪಲ್ಲ. ಆ ಅಕ್ಷರಗಳನ್ನು ಕಾರ್ಖಾನೆಯಲ್ಲಿ ಬೆಳಕಿನಿಂದಲೇ ಬರೆದಿರುತ್ತಾರೆ, ಡೆವಲಪರ್ ಕೆಲಸ ಮಾಡಿದರೆ ಮಾತ್ರ ಅವು ಕಾಣುತ್ತವೆ. ಹಾಗಿದ್ದರೆ ಫಿಲ್ಮ್ ಕ್ಯಾಮೆರಾದೊಳಗೆ ಸುತ್ತಿಕೊಂಡೇ ಇಲ್ಲ, ಇಲ್ಲವೇ ಶಟರ್ ತೆರೆದಿಲ್ಲ. ಮುಂದಿನ ಸಲ ಫಿಲ್ಮ್ ಮುಂದಕ್ಕೆ ಸರಿಸುವಾಗ ಎಡಗಡೆಯ ರಿವೈಂಡ್ ಗುಂಡಿ ತಿರುಗುತ್ತದೆಯೇ ಎಂದು ನೋಡಿ. ಅಂಚಿನಲ್ಲೂ ಏನೂ ಇಲ್ಲದಿದ್ದರೆ ಡೆವಲಪರ್ ಸತ್ತಿತ್ತು, ಅಥವಾ ಬ್ಲಿಕ್ಸನ್ನೇ ಮೊದಲು ಸುರಿದಿದ್ದೀರಿ.

ಮತ್ತೆ ಹುಬ್ಬಳ್ಳಿಯಿಂದ: ಸರ್! ಹೊಸ ಬ್ಲಿಕ್ಸ್‌ನಲ್ಲಿ ಹತ್ತು ನಿಮಿಷ ಇಟ್ಟೆ. ಸೀರೆ ಕೆಂಪಗೆ ಬಂತು, ಅದರ ಜರಿಯ ಅಂಚೂ ಕಂಡಿತು. ಅಮ್ಮನಿಗೆ ತೋರಿಸಿದೆ, ಕಣ್ಣೊರೆಸಿಕೊಂಡರು. ಆದರೆ ಎರಡನೆಯ ರೋಲಿನಲ್ಲಿ ಒಂದು ಕಡೆ ಹಾಲಿನಂಥ ನೇರಳೆ ಕಲೆ ಇತ್ತು. ಕಲೆ ಈಗ ಹೋಯಿತು, ಅಲ್ಲಿ ಚಿತ್ರವೂ ಇಲ್ಲ.

ಉತ್ತರ: ಓದಿ ಬಹಳ ಸಂತೋಷವಾಯಿತು ಮೇಡಂ. ಆ ಕಲೆಯ ಜಾಗದಲ್ಲಿ ಫಿಲ್ಮಿನ ಎರಡು ಸುತ್ತು ಒಂದಕ್ಕೊಂದು ಅಂಟಿಕೊಂಡಿದ್ದವು, ಡೆವಲಪರ್ ಅಲ್ಲಿಗೆ ಹೋಗಲೇ ಇಲ್ಲ. ಆ ಫ್ರೇಮ್ ಬರುವುದಿಲ್ಲ. ನಿಮ್ಮ ರೀಲ್ ಪ್ಲಾಸ್ಟಿಕ್ಕಿನದಾದರೆ ಅದರ ಗೀರುಗಳಲ್ಲಿ ಬೆರಳಾಡಿಸಿ ನೋಡಿ, ಜಿಗುಟು ಇರುತ್ತದೆ. ಕೊನೆಯ ದ್ರಾವಣವನ್ನು ಟ್ಯಾಂಕಿನಲ್ಲೇ ಸುರಿಯುವುದರಿಂದ ಅದು ಕೂರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಸಿನೀರಿನಲ್ಲಿ ತಿಕ್ಕಿ, ಒಂದು ದಿನ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ. ಇನ್ನು ಮುಂದೆ ಫಿಲ್ಮನ್ನು ರೀಲಿನಿಂದ ಬಿಡಿಸಿ, ಬೇರೆ ಬೋಗುಣಿಯಲ್ಲಿ ಅದ್ದಿ. ಆ ಬೋಗುಣಿಯ ದ್ರಾವಣವನ್ನು ಬೋರ್‌ವೆಲ್ ನೀರಿನಲ್ಲಿ ಕಲಸಬೇಡಿ, ಒಣಗಿದ ಮೇಲೆ ಸುಣ್ಣದ ಚುಕ್ಕೆ ಉಳಿಯುತ್ತದೆ. ಡಿಸ್ಟಿಲ್ಡ್ ನೀರಿನ ಐದು ಲೀಟರ್ ಕ್ಯಾನ್ ಒಂದು ತಂದಿಟ್ಟುಕೊಳ್ಳಿ.