ತಿಂಗಳು ತಿಂಗಳು ದುಡ್ಡು ಕಟ್ಟಿ ಎಂಎಂಒ ಆಡೋದು ಸಾರ್ಥಕವಾ?

ಕತ್ತಿಗುರಾಣಿ

ಫೈನಲ್ ಫ್ಯಾಂಟಸಿ 14 ಅನ್ನೋ ಎಂಎಂಒನ, ಅಂದ್ರೆ ಸಾವಿರಾರು ಜನ ಒಟ್ಟಿಗೆ ಆಡೋ ಆನ್‌ಲೈನ್ ಆಟದ, ಫ್ರೀ ಟ್ರಯಲ್ ಆಡ್ತಾ ಇದೀನಿ. ನನ್ನ ಪಾತ್ರ ಪ್ಯಾಲಡಿನ್, ಕತ್ತಿ-ಗುರಾಣಿ ಹಿಡಿದ ಯೋಧ. ಕಥೆ ಹೆವನ್ಸ್‌ವರ್ಡ್ ಅನ್ನೋ ಎಕ್ಸ್‌ಪ್ಯಾನ್ಶನ್‌ನ (ಆಟಕ್ಕೆ ಆಮೇಲೆ ಸೇರಿಸಿದ ಭಾಗ) ನಡುವಿಗೆ ಬಂದಿದೆ. ಆಟ ತುಂಬಾ ಹಿಡಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಮೊದಲ ಡಂಜನ್‌ನಲ್ಲಿ (ಗುಂಪಾಗಿ ದಾಟೋ ಶತ್ರುಗಳ ನೆಲೆ) ಟ್ಯಾಂಕ್ ಆಗಿ, ಅಂದ್ರೆ ಶತ್ರುಗಳ ಏಟು ತಡ್ಕೊಳ್ಳೋ ಪಾತ್ರದಲ್ಲಿ, ಮುಂದೆ ನಿಂತಾಗ ಯಾವ ದಾರಿ ಹಿಡೀಬೇಕು ಅಂತಾನೇ ತಿಳೀತಿರಲಿಲ್ಲ. ಈಗ ಒಂದು ಬಾಗಿಲಿಂದ ಇನ್ನೊಂದು ಬಾಗಿಲವರೆಗೆ ಇರೋ ಶತ್ರುಗಳನ್ನೆಲ್ಲ ಒಟ್ಟಿಗೆ ಎಳ್ಕೊಂಡು ಹೋಗ್ತೀನಿ.

ಗೆಳೆಯರ ಗುಂಪೊಂದು ಪೂರ್ತಿ ಆಟ ಕೊಂಡು ಎಷ್ಟೋ ಮುಂದೆ ಹೋಗಿದೆ. "ಸಬ್‌ಸ್ಕ್ರಿಪ್ಶನ್ ತಗೋ, ಸ್ಯಾವೇಜ್‌ಗೆ ಟ್ಯಾಂಕ್ ಬೇಕು" ಅಂತ ಒಂದೇ ಒತ್ತಾಯ. ಸ್ಯಾವೇಜ್ ಅಂದ್ರೆ ಕಠಿಣ ಹಂತದ ರೇಡ್, ದೊಡ್ಡ ಗುಂಪಾಗಿ ಬಾಸ್ (ಮುಖ್ಯ ಶತ್ರು) ಜೊತೆ ಮಾಡೋ ಕಾಳಗ. ನನಗೆ ಬಿಡುವು ಸಿಗೋದು ವಾರಕ್ಕೆ ಎರಡು ಸಂಜೆ, ಭಾನುವಾರ ಒಂದಿಷ್ಟು ಹೊತ್ತು. ಇದರ ಮೇಲೆ ಮನೆಯವರ ಆತಂಕ ಬೇರೆ. ನನ್ನ ತಮ್ಮ ಒಂದು ಉಚಿತ ಮೊಬೈಲ್ ಎಂಎಂಒನಲ್ಲಿ ಕತ್ತಿಯೊಂದನ್ನ ಅಪ್‌ಗ್ರೇಡ್ ಮಾಡೋಕೆ ಉಳಿತಾಯ ಪೂರ್ತಿ ಸುರಿದ. ಅಂದಿನಿಂದ ಆನ್‌ಲೈನ್ ಆಟ ಅಂದ್ರೆ ಮನೇಲಿ ಎಲ್ಲರ ಮುಖ ಬಾಡುತ್ತೆ.

ಕೆಲಸ, ಮನೆ ಎರಡನ್ನೂ ನೋಡ್ಕೊಂಡು ವರ್ಷಗಟ್ಟಲೆ ಆಡಿದವರು ಹೇಳಿ: ಇಷ್ಟು ದುಡ್ಡು, ಇಷ್ಟು ಹೊತ್ತು ಹಾಕಿದ್ದಕ್ಕೆ ಕೈಗೆ ಏನು ಬರುತ್ತೆ?

ಒಂಟಿಪಯಣಿಗ

ನನ್ನ ಉತ್ತರ: ಬೇಡ. ಒಬ್ಬರೇ ಆಡೋ ಒಳ್ಳೆ ಆರ್‌ಪಿಜಿ (ಪಾತ್ರವಾಗಿ ಆಡೋ ಕಥೆಯ ಆಟ) ಒಂದನ್ನ ಒಮ್ಮೆ ಕೊಂಡ್ರೆ ಆಯ್ತು. ಐವತ್ತು ಅರವತ್ತು ಗಂಟೇಲಿ ಕಥೆ ಮುಗಿಯುತ್ತೆ, ಮನಸ್ಸು ತುಂಬುತ್ತೆ, ಮುಂದಿನದಕ್ಕೆ ಹೋಗಬಹುದು. ಎಂಎಂಒ ಮುಗಿಯೋದೇ ಇಲ್ಲ. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಹೊಸ ಎಕ್ಸ್‌ಪ್ಯಾನ್ಶನ್ ಬಂದು ಬೆವರು ಸುರಿಸಿ ಗಳಿಸಿದ ಗೇರ್ (ಆಯುಧ, ಕವಚ) ಎಲ್ಲ ಮೂಲೆಗೆ ಬೀಳುತ್ತೆ. ಕಂಪನಿ ಸರ್ವರ್ ಮುಚ್ಚಿದ ದಿನ ಪಾತ್ರವೂ ಇಲ್ಲ, ಗೇರೂ ಇಲ್ಲ. ಇರೋದೇ ಎರಡು ಸಂಜೆ ಅಂದ್ರೆ ಕೊನೆ ಇರೋ ಆಟಕ್ಕೆ ಕೊಡಿ.

ಗಣಿಗಾರ

ನಾನು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನೋ ಇನ್ನೊಂದು ಎಂಎಂಒನವನು. ಗೊತ್ತಿಲ್ಲದವರಿಗೆ ಅದರ ಲೆಕ್ಕ ಹೇಳ್ತೀನಿ. ಯಾವ ಕಸುಬಾದ್ರೂ 99ನೇ ಲೆವೆಲ್‌ಗೆ 1,30,34,431 ಎಕ್ಸ್‌ಪಿ (ಅನುಭವದ ಅಂಕ) ಬೇಕು. 92ಕ್ಕೆ ಬಂದಾಗ ಆಗಿರೋದು ಅದರ ಅರ್ಧ. ಅಂದ್ರೆ ಕೊನೇ ಏಳು ಲೆವೆಲ್‌ಗೆ ಅಲ್ಲಿವರೆಗೆ ಪಟ್ಟಷ್ಟೇ ಪಾಡು ಮತ್ತೊಮ್ಮೆ. ಹುಚ್ಚು ಅನ್ನಿಸಬಹುದು. ಆದರೆ ಮೀನು ಹಿಡಿಯೋಕೆ ಬಿಟ್ಟು, ನಿಮಿಷಕ್ಕೊಮ್ಮೆ ಒಂದು ಕ್ಲಿಕ್ ಮಾಡ್ತಾ, ಹಾಡು ಕೇಳ್ತಾ, ಬಟ್ಟೆ ಮಡಚ್ತಾ ಇರ್ತೀನಿ. ಇದಕ್ಕಿಂತ ನೆಮ್ಮದಿಯ ಹೊತ್ತು ನನ್ನ ದಿನದಲ್ಲಿ ಇನ್ನೊಂದಿಲ್ಲ.

ದುಡ್ಡೂ ಕೊಡ್ತಿಲ್ಲ. ಆಟದ ಚಿನ್ನ ಕೊಟ್ಟು ಬಾಂಡ್ ಕೊಳ್ತೀನಿ, ಒಂದು ಬಾಂಡ್‌ಗೆ 14 ದಿನದ ಮೆಂಬರ್‌ಶಿಪ್. ಇಂಥ ದಾರಿ ಬೇರೆ ಆಟಗಳಲ್ಲೂ ಇದೆ, ಹುಡುಕಿ.

ಇರುಳುದೀಪ

ನಾನು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಎಂಎಂಒನಲ್ಲಿ ಹೋಲಿ ಪ್ರೀಸ್ಟ್, ಅಂದ್ರೆ ಜೊತೆಯವರ ಗಾಯ ಮಾಯಿಸೋ ಹೀಲರ್. ಹಲವು ವರ್ಷ ಒಂದೇ ಗಿಲ್ಡ್‌ನಲ್ಲಿ (ಆಟಗಾರರ ಸಂಘ) ಹೀಲ್ ಮಾಡಿದೀನಿ, ಆಫೀಸರ್ ಆಗಿ ರೋಸ್ಟರ್ (ಯಾರು ಆಡೋದು ಅನ್ನೋ ಪಟ್ಟಿ) ನೋಡ್ಕೊಂಡಿದೀನಿ. ಫೈನಲ್ ಫ್ಯಾಂಟಸಿಯನ್ನೂ ಚೆನ್ನಾಗೇ ಆಡಿದೀನಿ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ದುಡ್ಡಿನ ಮಾತು ಮೊದಲು ಮುಗಿಸೋಣ, ಅದು ಸುಲಭ. ವಾರ್‌ಕ್ರಾಫ್ಟ್ 2004ರಲ್ಲಿ ಬಂದಾಗ ಅಮೆರಿಕದಲ್ಲಿ ತಿಂಗಳ ಚಂದಾ 14.99 ಡಾಲರ್ ಇತ್ತು, ಎರಡು ದಶಕ ಕಳೆದರೂ ಅಷ್ಟೇ ಇದೆ. ನಿಮ್ಮ ಆಟದ ಕಡಿಮೆ ದರದ ಎಂಟ್ರಿ ಚಂದಾ 12.99 ಡಾಲರ್. ಒಂದೇ ಪಾತ್ರ ಆಡೋರಿಗೆ ಅದು ಸಾಕು, ಸ್ಟ್ಯಾಂಡರ್ಡ್ ಬೇಕಿಲ್ಲ. ಎಲ್ಲರೂ ದರ ಏರಿಸಿಲ್ಲ ಅಂತಲ್ಲ. ಈವ್ ಆನ್‌ಲೈನ್ 2022ರಲ್ಲಿ ತಿಂಗಳಿಗೆ 19.99 ಮಾಡಿತು. ಆದರೂ ಚಂದಾ ಕಟ್ಟೋ ಆಟದಲ್ಲಿ ತಿಂಗಳಿಗೆ ಎಷ್ಟು ಹೋಗುತ್ತೆ ಅಂತ ಮೊದಲೇ ಗೊತ್ತಿರುತ್ತೆ.

ನಿಮ್ಮ ತಮ್ಮ ಸಿಕ್ಕಿಬಿದ್ದಿರೋ ಜಾಗ ಬೇರೆ. ಆ ತರಹದ ಆಟಗಳಲ್ಲಿ ಕತ್ತಿಯ ದರ್ಜೆ ಏರಿದಷ್ಟೂ ಮುಂದಿನ ಪ್ರಯತ್ನ ಗೆಲ್ಲೋ ಸಾಧ್ಯತೆ ಇಳೀತಾ ಹೋಗುತ್ತೆ. ಸೋತರೆ ದರ್ಜೆ ಕೆಳಗಿಳಿಯುತ್ತೆ, ಕೆಲವು ಕಡೆ ಕತ್ತಿಯೇ ಒಡೆಯುತ್ತೆ. ಇಳಿಯದ ಹಾಗೆ ಕಾಪಾಡೋ ಕಲ್ಲು ಅಂಗಡಿಯಲ್ಲಿ ದುಡ್ಡಿಗೆ ಇರುತ್ತೆ. ಇಷ್ಟು ಕಷ್ಟಪಟ್ಟಿದ್ದು ಹಾಳಾಗುತ್ತಲ್ಲ ಅನ್ನೋ ಭಯವನ್ನೇ ಅಲ್ಲಿ ಮಾರೋದು, ಆ ಭಯಕ್ಕೆ ತಿಂಗಳ ಮಿತಿ ಅನ್ನೋದಿಲ್ಲ. ಹುಡುಗನನ್ನ ಬೈಬೇಡಿ. ಒಳ್ಳೆ ಲೆಕ್ಕ ಬಲ್ಲವರೂ ಅಲ್ಲಿ ಕೈ ಸುಟ್ಕೊಂಡಿದ್ದಾರೆ. ಕೆಲವು ಆಟಗಳ ಲೂಟ್ ಬಾಕ್ಸ್ (ಒಳಗೇನಿದೆ ಅಂತ ತಿಳಿಯದೆ ಕೊಳ್ಳೋ ಪೆಟ್ಟಿಗೆ) ಜೂಜಿನ ಕಾನೂನನ್ನ ಮುರಿಯುತ್ತೆ ಅಂತ ಬೆಲ್ಜಿಯಂನ ಗೇಮಿಂಗ್ ಕಮಿಷನ್ 2018ರಲ್ಲೇ ಹೇಳಿತು.

ಗಣಿಗಾರ ಹೇಳಿದ ದಾರಿ ವಾರ್‌ಕ್ರಾಫ್ಟ್‌ನಲ್ಲೂ ಇದೆ, 2015ರಲ್ಲಿ ಬಂದ ಟೋಕನ್. ಯಾರೋ 20 ಡಾಲರ್ ಕೊಟ್ಟು ಕೊಂಡು ಹರಾಜುಕಟ್ಟೆಗೆ ಇಡ್ತಾರೆ, ನಾವು ಆಟದ ಚಿನ್ನ ಕೊಟ್ಟು ತಗೊಂಡು 30 ದಿನ ಆಡ್ತೀವಿ. ಬಟ್ಟೆ ಮಡಚ್ತಾ ಮೀನು ಹಿಡಿಯೋರಿಗೆ ಇದು ಸರಿ, ಆ ಹೊತ್ತು ಹೇಗೂ ಅವರದ್ದೇ. ವಾರಕ್ಕೆ ಎರಡೇ ಸಂಜೆ ಇರೋ ನಿಮಗೆ ದಯವಿಟ್ಟು ಬೇಡ. ಒಂದು ಸಂಜೆ ಚಿನ್ನ ದುಡಿಯೋಕೇ ಹೋದ್ರೆ ಉಳಿಯೋದು ಒಂದು.

ಇನ್ನು ಹೊತ್ತು. ನನ್ನ ಪ್ರಕಾರ ಪೂರ್ತಿ ಪ್ರಶ್ನೆ ಇಲ್ಲೇ ಇರೋದು.

ಆಟದಿಂದ ಟೀಮ್‌ವರ್ಕ್ ಬರುತ್ತೆ, ನಾಯಕತ್ವ ಬರುತ್ತೆ ಅಂತ ಸಮರ್ಥನೆ ಕೊಡೋರು ಇರ್ತಾರೆ. ನನಗೆ ಅದು ಬೇಕಾಗಿಲ್ಲ. ಆಟ ಆಟವಾಗಿಯೇ ಬೆಲೆ ಬಾಳಬೇಕು. ನಾನು ನೋಡೋದು ಒಂದೇ ವಿಷಯ: ಲಾಗೌಟ್ ಆದಮೇಲೆ ಇವತ್ತು ಏನಾಯ್ತು ಅಂತ ಇನ್ನೊಬ್ಬರಿಗೆ ಹೇಳೋಕೆ ಏನಾದ್ರೂ ಇದೆಯಾ?

ಒಂದು ರೇಡ್ ರಾತ್ರಿ ಹೇಳ್ತೀನಿ. ಮಿಥಿಕ್, ಅಂದ್ರೆ ಅತಿ ಕಠಿಣ ಹಂತ, 20 ಜನ. ಅದೇ ಬಾಸ್ ಮುಂದೆ ವಾರಗಳಿಂದ ಸಾಯ್ತಾ ಇದೀವಿ. ಆ ರಾತ್ರಿ ಬಾಸ್‌ನ ಜೀವ ಹತ್ತು ಪರ್ಸೆಂಟ್‌ಗಿಂತ ಕೆಳಗೆ ಹೋಯ್ತು, ವಾಯ್ಸ್ ಚಾಟ್‌ನಲ್ಲಿ ರೇಡ್ ಲೀಡರ್ ಎಣಿಸೋದು ಬಿಟ್ರೆ ಒಂದು ಸದ್ದಿಲ್ಲ. ನನ್ನ ಮಾನಾ (ಮಂತ್ರ ಹಾಕೋ ಶಕ್ತಿ) ಹೆಚ್ಚುಕಮ್ಮಿ ಖಾಲಿ. ಆಗ ಒಟ್ಟಿಗೆ ಇಬ್ಬರು ಬಿದ್ರು: ನಮ್ಮ ಅತಿ ಹೆಚ್ಚು ಡ್ಯಾಮೇಜ್ ಮಾಡೋ ಮೇಜ್ (ಮಂತ್ರವಾದಿ), ಮತ್ತೆ ಇನ್ನೊಬ್ಬಳು ಹೀಲರ್. ಕಾಳಗದ ನಡುವೆ ಎಬ್ಬಿಸೋ ಬ್ಯಾಟಲ್ ರೆಸ್ ಇಡೀ ರೇಡ್‌ಗೆ ಒಂದೇ ಉಳಿದಿತ್ತು. ಅದು ಕೈಲಿದ್ದ ಡ್ರೂಯಿಡ್ ಯಾರನ್ನ ಎಬ್ಬಿಸಲಿ ಅಂತ ಕೇಳೋ ಮೊದಲೇ ಆ ಮೇಜ್, ವಾಯ್ಸ್‌ನಲ್ಲಿ ಯಾವತ್ತೂ ಬಾಯಿ ಬಿಡದವನು, "ನನಗೆ ಬೇಡ, ಅವಳಿಗೆ ಹಾಕು" ಅಂದ. ಅವಳು ಎದ್ದಳು, ನಾವಿಬ್ಬರೂ ಸೇರಿ ಟ್ಯಾಂಕ್‌ನ ಉಸಿರು ಹಿಡಿದಿಟ್ವಿ, ಬಾಸ್ ಬಿತ್ತು. ಆ ಮೇಜ್ ನೆಲದ ಮೇಲೆ ಹೆಣವಾಗಿ ಬಿದ್ದುಕೊಂಡೇ ಎಲ್ಲರಿಗಿಂತ ಜೋರಾಗಿ ಕೂಗ್ತಿದ್ದ. ಅವನ ಮುಖ ನಾನು ನೋಡಿಲ್ಲ. ಅವನು ಎಂಥವನು ಅನ್ನೋದು ನನಗೆ ಗೊತ್ತು.

ಇದೇ ಆಟದಲ್ಲಿ ಇನ್ನೊಂದು ತರಹದ ರಾತ್ರಿಗಳೂ ಇವೆ. ಡೈಲಿ ಕ್ವೆಸ್ಟ್ ಪಟ್ಟಿ ತೆಗೆದು, ಅದೇ ಜಾಗಕ್ಕೆ ಹಾರಿ, ಅದೇ ಹನ್ನೆರಡು ಹಂದಿ ಕೊಂದು, ಪಟ್ಟೀಲಿ ಟಿಕ್ ಬಿದ್ದಮೇಲೆ ಮಲಗೋದು. ಒಂದು ದಿನ ಬಿಟ್ರೆ ಹಿಂದೆ ಬೀಳ್ತೀವಿ ಅನ್ನೋ ಚಿಂತೆ ಬೇರೆ. ಮಾರನೇ ದಿನ ನಿನ್ನೆ ಏನು ಮಾಡಿದೆ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇರಲ್ಲ. ಆ ಹೊತ್ತು ನಿಜಕ್ಕೂ ಹೋಯ್ತು. ತಿಂಗಳಲ್ಲಿ ಇಂಥ ರಾತ್ರಿಗಳೇ ಜಾಸ್ತಿ ಆದಾಗ ನಾನು ಚಂದಾ ನಿಲ್ಲಿಸ್ತೀನಿ. ಪಾತ್ರ ಎಲ್ಲೂ ಹೋಗಲ್ಲ.

ಗೇರ್ ಮೂಲೆಗೆ ಬೀಳುತ್ತೆ ಅಂದ್ರಲ್ಲ ಒಂಟಿಪಯಣಿಗರು, ಅದು ಎಲ್ಲ ಆಟಕ್ಕೂ ನಿಜ ಅಲ್ಲ. ಗಿಲ್ಡ್ ವಾರ್ಸ್ 2 ಶುರುವಾದ 2012ರಿಂದ ಇವತ್ತಿನವರೆಗೂ ಗರಿಷ್ಠ ಲೆವೆಲ್ 80ನ್ನ ದಾಟಿಲ್ಲ. ಅದೇ ವರ್ಷದ ಕೊನೆಗೆ ಬಂದ ಅಸೆಂಡೆಡ್ ಅನ್ನೋ ಮೇಲ್ದರ್ಜೆ ಗೇರ್‌ನ ಅಂಕಿಗಳನ್ನ ಮೀರಿಸಿದ್ದು ಇನ್ನೂ ಬಂದಿಲ್ಲ. ತಿಂಗಳ ಚಂದಾನೂ ಇಲ್ಲ. ವರ್ಷ ಬಿಟ್ಟು ಬಂದ್ರೂ ಬಿಟ್ಟ ಜಾಗದಲ್ಲೇ ಇರ್ತೀರಿ. ಬಿಡುವು ಕಮ್ಮಿ ಇರೋರಿಗೆ ನಾನು ಮೊದಲು ಹೇಳೋ ಹೆಸರು ಅದೇ.

ಈಗ ನಿಮ್ಮ ಸ್ಯಾವೇಜ್. ಎಂಟು ಜನ: ಇಬ್ಬರು ಟ್ಯಾಂಕ್, ಇಬ್ಬರು ಹೀಲರ್, ನಾಲ್ವರು ಡಿಪಿಎಸ್ (ಶತ್ರುಗೆ ಏಟು ಕೊಡೋರು). ಒಬ್ಬರು ಬರದಿದ್ರೆ ಉಳಿದ ಏಳು ಜನರ ಸಂಜೆ ಹಾಳು. ಅಷ್ಟಕ್ಕೂ ನೀವಿನ್ನೂ ಹೆವನ್ಸ್‌ವರ್ಡ್‌ನಲ್ಲಿದೀರಿ. ಆಮೇಲಿನ ಎಕ್ಸ್‌ಪ್ಯಾನ್ಶನ್‌ಗಳು ಸ್ಟಾರ್ಮ್‌ಬ್ಲಡ್, ಶ್ಯಾಡೋಬ್ರಿಂಗರ್ಸ್, ಎಂಡ್‌ವಾಕರ್, ಡಾನ್‌ಟ್ರೇಲ್. ಕಥೆ ಮುಗಿಸದೆ ಈಗಿನ ರೇಡ್ ಬಾಗಿಲು ತೆರೆಯಲ್ಲ. ನಿಮ್ಮ ಬಿಡುವಿನ ಲೆಕ್ಕದಲ್ಲಿ ಅದಕ್ಕೆ ವರ್ಷಕ್ಕೂ ಮೇಲೆ ಬೇಕು. ಗೆಳೆಯರು ಸ್ಟೋರಿ ಸ್ಕಿಪ್ (ಕಥೆ ಆಡದೆ ದಾಟಿಸೋ ಸೌಲಭ್ಯ) ಕೊಳ್ಳು ಅನ್ನಬಹುದು. ಕೊಳ್ಳಬೇಡಿ. ಕಾದಂಬರಿಯ ನಡುವಿನ ಹಾಳೆಗಳನ್ನ ಕಿತ್ತುಹಾಕೋಕೆ ಯಾರಾದ್ರೂ ದುಡ್ಡು ಕೊಡ್ತಾರಾ? ಆ ಆಟದ ಜೀವವೇ ಕಥೆ.

ಸದ್ಯ ಟ್ರಯಲ್‌ನಲ್ಲೇ ಇರಿ. ಅದಕ್ಕೆ ದಿನದ ಮಿತಿ ಇಲ್ಲ, 2023ರ ಅಕ್ಟೋಬರ್‌ನಿಂದ ಸ್ಟಾರ್ಮ್‌ಬ್ಲಡ್ ಸೇರಿ 70ನೇ ಲೆವೆಲ್‌ವರೆಗೂ ಪುಕ್ಕಟೆ. ಮಾರ್ಕೆಟ್ ಬೋರ್ಡ್ (ಆಟಗಾರರ ಸಂತೆ) ಸಿಗಲ್ಲ, ಆಟದ ನಾಣ್ಯ 3 ಲಕ್ಷ ಗಿಲ್‌ಗಿಂತ ಹೆಚ್ಚು ಇಟ್ಕೊಳ್ಳೋಕಾಗಲ್ಲ. ಅಷ್ಟೇನೂ ತೊಂದರೆ ಅಲ್ಲ. ಒಂದು ಮಾತ್ರ ಚೆನ್ನಾಗಿ ನೆನಪಿಡಿ: ಒಮ್ಮೆ ಪೂರ್ತಿ ಆಟ ಕೊಂಡ ಅಕೌಂಟ್ ಮತ್ತೆ ಟ್ರಯಲ್‌ಗೆ ಮರಳಲ್ಲ.

ಒಂಟಿಪಯಣಿಗ

ಆ ಮೇಜ್ ಕಥೆ ಚೆನ್ನಾಗಿದೆ, ಒಪ್ಪಿದೆ. ಆದರೆ ಸರ್ವರ್ ಮುಚ್ಚೋ ಮಾತಿಗೆ ನೀವು ಉತ್ತರ ಕೊಡಲಿಲ್ಲ. ಸಿಟಿ ಆಫ್ ಹೀರೋಸ್ ಅನ್ನೋ ಎಂಎಂಒ ಆಡ್ತಿದ್ದವರು 2012ರ ನವೆಂಬರ್ 30ರ ರಾತ್ರಿ, ಅದರ ಸರ್ವರ್ ಮುಚ್ಚಿದಾಗ, ಏನು ಕಳ್ಕೊಂಡ್ರು ಅಂತ ಅವರನ್ನೇ ಕೇಳಬೇಕು. ನಾನು ಕೊಂಡ ಆಟ ಇನ್ನೂ ನನ್ನ ಡಿಸ್ಕ್‌ನಲ್ಲಿದೆ.

ಇರುಳುದೀಪ

ನೀವು ಹೇಳಿದ್ದು ನ್ಯಾಯ. ಎಂಎಂಒನಲ್ಲಿ ಕೊಂಡದ್ದು ಯಾವುದೂ ನಮ್ಮದಲ್ಲ, ಪಾತ್ರವೂ ಸೇರಿ. ಇದನ್ನ ತಿಳ್ಕೊಂಡೇ ಒಳಗೆ ಹೋಗಬೇಕು. ಕ್ಯಾಶ್ ಶಾಪ್‌ನ ಬಟ್ಟೆ, ಕುದುರೆಗೆ ನಾನು ಖರ್ಚು ಮಾಡದೇ ಇರೋದು ಇದಕ್ಕೇ. ಆದರೆ ಸಿಟಿ ಆಫ್ ಹೀರೋಸ್‌ನ ಜನ ಆ ರಾತ್ರಿಗೆ ಸುಮ್ಮನಾಗಲಿಲ್ಲ. ಆಟವನ್ನ ತಾವೇ ಎಬ್ಬಿಸಿ ನಡೆಸಿದ್ರು, 2024ರ ಜನವರಿಯಲ್ಲಿ ಅವರ ಹೋಮ್‌ಕಮಿಂಗ್ ಸರ್ವರ್‌ಗೆ ಕಂಪನಿಯೇ ಲೈಸೆನ್ಸ್ ಕೊಟ್ಟಿತು. ಹಳೇ ಪಾತ್ರಗಳು ವಾಪಸ್ ಬರಲಿಲ್ಲ. ಹನ್ನೊಂದು ವರ್ಷ ಒಟ್ಟಿಗಿದ್ದ ಜನ ಮಾತ್ರ ಇದ್ರು.

ಕತ್ತಿಗುರಾಣಿ

ಎಲ್ಲರಿಗೂ ಧನ್ಯವಾದ. ಟ್ರಯಲ್‌ಗೆ ವಾಪಸ್ ಹೋಗೋಕಾಗಲ್ಲ ಅನ್ನೋದು ಗೊತ್ತೇ ಇರಲಿಲ್ಲ, ಈ ವಾರ ಕೊಳ್ಳೋದರಲ್ಲಿದ್ದೆ. ಇನ್ನೆರಡು ಪ್ರಶ್ನೆ. ಗೆಳೆಯರು ಆಟದೊಳಗೆ ಮನೆ ಕೊಳ್ಳೋ ಆಸೆ ಹುಟ್ಟಿಸ್ತಿದ್ದಾರೆ, ಮುಂದೆ ಯಾವತ್ತಾದ್ರೂ ತಗೋಬಹುದಾ? ಮತ್ತೆ ಮನೆಯವರು ಇದು ಚಟ ಅಂತಾರೆ, ಅವರಿಗೆ ಏನು ಹೇಳಲಿ?

ಇರುಳುದೀಪ

ಆಟದ ಮನೆ ಚೆಂದ, ಆದರೆ 45 ದಿನ ಒಳಗೆ ಕಾಲಿಡದಿದ್ರೆ ಕೆಡವಿಹಾಕ್ತಾರೆ. ಆಟದ ನಿರ್ಮಾಪಕ ನಾವೊಕಿ ಯೋಶಿದಾ ಅವರೇ ದಿನಾ ಆಡಬೇಕಿಲ್ಲ, ಬಿಡುವು ತಗೊಂಡು ಹೊಸ ಪ್ಯಾಚ್ ಬಂದಾಗ ಬನ್ನಿ ಅಂತ ಹೇಳಿದವರು. ನನಗೆ ಅವರ ಮೇಲೆ ಗೌರವ ಇರೋದೂ ಇದಕ್ಕೇ. ಮನೆ ಇದ್ರೆ ಆ ಬಿಡುವು ತಗೊಳ್ಳೋಕೆ ಮನಸ್ಸು ಬರಲ್ಲ, ಮನೆಗೋಸ್ಕರ ಚಂದಾ ಕಟ್ತೀರಿ. ಬಿಟ್ಟುಬಿಡಿ.

ಮನೆಯವರ ಆತಂಕವನ್ನ ಹಗುರ ಮಾಡಬೇಡಿ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಗೇಮಿಂಗ್ ಡಿಸಾರ್ಡರ್ ಅಂತ ಒಂದು ಕಾಯಿಲೆ ಇದೆ. ಅದರಲ್ಲಿ ಇಷ್ಟು ಗಂಟೆ ಆಡಿದ್ರೆ ಅಂತ ಎಲ್ಲೂ ಇಲ್ಲ. ಆಟದ ಮೇಲೆ ಹಿಡಿತ ತಪ್ಪೋದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗೋದು, ಹಾನಿ ಕಣ್ಣಿಗೆ ಕಂಡರೂ ನಿಲ್ಲಿಸದೇ ಇರೋದು, ಅದೂ ಸಾಮಾನ್ಯವಾಗಿ 12 ತಿಂಗಳಾದ್ರೂ ನಡೆದಿರಬೇಕು. ಇದನ್ನ ಅವರ ಜೊತೆ ಕೂತು ಓದಿ. ತಮ್ಮನನ್ನೂ ಕೂರಿಸ್ಕೊಳ್ಳಿ.

ಇನ್ನೊಂದು. ರೇಡ್ ಆಸೆಗೆ ನೀವು ಗೆಳೆಯರ ಹತ್ರ ಓಡಬೇಕಿಲ್ಲ, ಅವರು ನಿಮ್ಮ ಹತ್ರ ಬರಲಿ. ಹೆವನ್ಸ್‌ವರ್ಡ್ ಕಥೆ ಮುಗಿದಮೇಲೆ ಅಲೆಕ್ಸಾಂಡರ್ ಅನ್ನೋ ರೇಡ್ ತೆರೆಯುತ್ತೆ, ಮುಂದೆ ಒಮೆಗಾ, ಎರಡೂ ಟ್ರಯಲ್ ಒಳಗೇ. ಗೆಳೆಯರು ಪಾರ್ಟಿ ಮಾಡಿ ನಿಮ್ಮನ್ನ ಕರೀಲಿ, ಮಿನಿಮಮ್ ಐಟಂ ಲೆವೆಲ್ ಆಯ್ಕೆ ಹಾಕಲಿ. ಆಗ ಅವರ ಲೆವೆಲ್, ಗೇರ್ ಎರಡೂ ಕೆಳಗಿಳಿದು ಎಲ್ಲರೂ ಸಮ ಆಗ್ತೀರಿ.

ಕತ್ತಿಗುರಾಣಿ

ಗುಂಪಿಗೆ ಕೇಳಿದೆ. ಐವರು ಬರ್ತೀನಿ ಅಂದಿದ್ದಾರೆ, ಒಬ್ಬ ಹೀಲರ್, ಒಬ್ಬ ಡಿಪಿಎಸ್ ಕಮ್ಮಿ. ಕಥೆ ಮುಗಿಸಿ ಅಲೆಕ್ಸಾಂಡರ್ ನಾರ್ಮಲ್‌ನಿಂದ ಶುರು ಮಾಡೋದು ಅಂತ ಮಾತಾಗಿದೆ.

ಇರುಳುದೀಪ

ಹೀಲರ್ ಜಾಗ ನನಗಿರಲಿ. ಆ ಆಟದ ನನ್ನ ಹೀಲರ್ ವೈಟ್ ಮೇಜ್ ಸುಮ್ಮನೆ ಕೂತಿದ್ದಾಳೆ.

ಗಣಿಗಾರ

ಡಿಪಿಎಸ್ ಯಾವ ಜಾಬ್ (ಪಾತ್ರದ ಬಗೆ) ಆದ್ರೂ ನಡೆಯುತ್ತಾ? ಟ್ರಯಲ್ ಡೌನ್‌ಲೋಡ್‌ಗೆ ಹಾಕಿದೀನಿ, ಆದರೆ 60ನೇ ಲೆವೆಲ್‌ಗೆ ಬರೋಕೆ ಒಂದಿಷ್ಟು ತಿಂಗಳು ಬೇಕು.